ಮೊದಲ ತಿರುವಿನ ಕಲ್ಲು

೨೦೧೯, ಅಕ್ಟೋಬರ್ ೧೨, ಶನಿವಾರ. ಆ ದಿನದ ನನ್ನ ಡೈರಿಯಲ್ಲಿ ಹೀಗಿದೆ: "ಬೆಳಿಗ್ಗೆ ಗುರುಗಳು ನದಿಗೆ ಹೋಗುವ ದಾರಿಯಲ್ಲಿ ಕಲ್ಲಿನ ಮೇಲೆ ಕೂತುಬಿಟ್ಟರು. ಶಿಷ್ಯನನ್ನು ಮುಂದೆ ಕಳಿಸಿದರು. ಬಿಸಿಲು ಚೆನ್ನಾಗಿತ್ತು."

ಬಿ.ಎ. ಓದುವ ಕಾಲದಿಂದ ನಾನು ಡೈರಿ ಬರೆಯುವುದನ್ನು ತಪ್ಪಿಸಿಲ್ಲ. ಇಲ್ಲಿ ಬರುವ ಮಾತುಗಳನ್ನೆಲ್ಲ ಕೇಳಿದ ದಿನವೇ ಬರೆದಿಟ್ಟಿದ್ದೆ.

ಉತ್ತರದ ಹಿಮದ ಬೆಟ್ಟಗಳ ಕೆಳಗೆ, ಒಂದು ನದಿಯ ದಂಡೆಯಲ್ಲಿ ನಮ್ಮ ಕಡೆಯ ಸ್ವಾಮಿಗಳೊಬ್ಬರ ಆಶ್ರಮವಿತ್ತು. ಸ್ವಾಮಿಗಳ ಹೆಸರು ಪರ್ವತಯ್ಯನವರು, ನಾವೆಲ್ಲ ಗುರುಗಳು ಅನ್ನುತ್ತಿದ್ದೆವು. ನಾನೂ ನಮ್ಮ ಯಜಮಾನರೂ ಆ ವರ್ಷ ಒಂದೂವರೆ ತಿಂಗಳು ಅಲ್ಲಿದ್ದೆವು.

ಆಶ್ರಮದಿಂದ ನಾಲ್ಕು ದಿನ ಬೆಟ್ಟ ಹತ್ತಿದರೆ ಅವರ ಗುರುಗಳ ಗದ್ದುಗೆ. ಹಿಮ ಬೀಳುವ ಮೊದಲು ಪ್ರತಿ ವರ್ಷವೂ ಅವರು ಅಲ್ಲಿಗೆ ಹೋಗಿ ಬರುತ್ತಿದ್ದರಂತೆ. ಮೊಣಕಾಲು ಕೈಕೊಟ್ಟ ಮೇಲೆ ಅದು ನಿಂತಿತ್ತು.

ಪ್ರತಿದಿನ ಬೆಳಿಗ್ಗೆ ಅವರು ಅಂಗಳದಲ್ಲಿ ಕೋಲೂರಿಕೊಂಡು ಆ ಬೆಟ್ಟದ ಕಡೆ ಮುಖಮಾಡಿ ನಿಲ್ಲುತ್ತಿದ್ದರು. ಚಹಾ ಆರಿಹೋಗುತ್ತಿತ್ತು.

ನಾವು ಹೋದ ವಾರವೇ ತಿಪ್ಪೇಶ ಬಂದ. ಚಿತ್ರದುರ್ಗದ ಕಡೆಯವನು, ಗುರುಗಳ ಶಿಷ್ಯ. ಬೆನ್ನಿಗೆ ಮನೆಯಷ್ಟು ದೊಡ್ಡ ಚೀಲ. ದಿನಗಟ್ಟಲೆ ಬೆಟ್ಟಗಳಲ್ಲಿ ಒಬ್ಬನೇ ನಡೆದು, ಗುಡಾರದಲ್ಲಿ ಮಲಗಿ, ಅದನ್ನೆಲ್ಲ ವಿಡಿಯೋ ಮಾಡಿ ಜನರಿಗೆ ತೋರಿಸುವುದು ಅವನ ಕೆಲಸ. ಅವನ ಚಾನೆಲ್ಲನ್ನು ಲಕ್ಷಾಂತರ ಜನ ನೋಡುತ್ತಿದ್ದರು.

ಬಂದವನು ಗುರುಗಳ ಪಾದಕ್ಕೆರಗಿ, ಕ್ಯಾಮೆರಾ ತೆಗೆದು ಮುಂದಿಟ್ಟ.

"ಬುದ್ಧಿ, ಇದನ್ನು ನದಿಗೆ ಎಸೆದುಬಿಡುತ್ತೇನೆ. ದೀಕ್ಷೆ ಕೊಡಿ. ನಿಮ್ಮ ಹತ್ತಿರವೇ ಇರುತ್ತೇನೆ."

"ನದಿ ಏನು ತಪ್ಪು ಮಾಡಿತು?"

"ನಾನು ಸುಳ್ಳುಗಾರ ಬುದ್ಧಿ. ನೋಡುವವರು ನಾನೇನೋ ಧ್ಯಾನ ಮಾಡುತ್ತಾ ನಡೆಯುತ್ತೇನೆ ಅಂದುಕೊಂಡಿದ್ದಾರೆ. ನಡೆಯುವಾಗೆಲ್ಲ ನನ್ನ ತಲೆಯಲ್ಲಿ ಇರುವುದು ಕ್ಯಾಮೆರಾ ಎಲ್ಲಿಡಲಿ ಅನ್ನುವುದೊಂದೇ."

"ಒಬ್ಬನೇ ಹೋಗುತ್ತೀಯಲ್ಲ, ನೀನು ನಡೆಯುವುದನ್ನು ಹಿಂದಿನಿಂದ ತೆಗೆಯುವವರು ಯಾರು?"

"ನಾನೇ. ಮೂರು ಕಾಲಿನ ಸ್ಟ್ಯಾಂಡನ್ನು ದಾರಿಯಲ್ಲಿಡುತ್ತೇನೆ. ತಿರುವಿನವರೆಗೆ ನಡೆಯುತ್ತೇನೆ. ವಾಪಸ್ ಬಂದು ಎತ್ತಿಕೊಂಡು ಮತ್ತೆ ಹೋಗುತ್ತೇನೆ."

ಗುರುಗಳು ಜೋರಾಗಿ ನಕ್ಕರು. "ಅಂದರೆ ಒಂದೇ ದಾರಿಯನ್ನು ಮೂರು ಸಲ ತುಳಿಯುತ್ತೀ! ನಮ್ಮ ಮಠದ ಗಾಣದ ಎತ್ತು ಕೂಡ ಇಷ್ಟು ತಿರುಗಲಿಲ್ಲವಲ್ಲೋ ಮಾರಾಯ."

"ನಗಬೇಡಿ ಬುದ್ಧಿ."

"ಆಯಿತು, ನಗುವುದಿಲ್ಲ. ನೋಡುವವರು ಯಾರು?"

"ಎಲ್ಲ ಥರದವರೂ ಇದ್ದಾರೆ. ಹಿರೇಕೆರೂರಿನ ಒಬ್ಬ ತಾಯಿ ಇದ್ದಾರೆ. ಬೆನ್ನುಮೂಳೆ ಮುರಿದು ಹಾಸಿಗೆ ಹಿಡಿದು ವರ್ಷಗಳಾದವಂತೆ. ಪ್ರತಿ ವಿಡಿಯೋದ ಕೆಳಗೂ ಒಂದೇ ಮಾತು ಬರೆಯುತ್ತಾರೆ, 'ನನ್ನನ್ನೂ ಕರಕೊಂಡು ಹೋಗು ತಮ್ಮಾ' ಅಂತ."

"ನೀನು ಏನು ಬರೆಯುತ್ತೀ?"

"ಕೈಮುಗಿಯುವ ಚಿಹ್ನೆ ಹಾಕುತ್ತೇನೆ. ಎಲ್ಲರಿಗೂ ಅದೇ."

ಗುರುಗಳು ಕ್ಯಾಮೆರಾವನ್ನು ಕೈಗೆತ್ತಿಕೊಂಡು, ಹೊಸ ತೆಂಗಿನಕಾಯಿ ನೋಡುವ ಹಾಗೆ ಕಿವಿಯ ಹತ್ತಿರ ಅಲ್ಲಾಡಿಸಿ ನೋಡಿದರು.

"ಎಸೆಯುವುದಕ್ಕೆ ಮುಂಚೆ ನನ್ನದೊಂದು ಕೆಲಸ ಮಾಡು. ನನ್ನನ್ನು ಗದ್ದುಗೆಗೆ ಕರೆದುಕೊಂಡು ಹೋಗು."

ತಿಪ್ಪೇಶ ಗಾಬರಿಯಾದ. "ಕುದುರೆ ಗೊತ್ತು ಮಾಡಲಾ ಬುದ್ಧಿ? ಡೋಲಿ?"

"ಪ್ರಾಣಿಯ ಬೆನ್ನ ಮೇಲೆ, ಮನುಷ್ಯನ ಹೆಗಲ ಮೇಲೆ ಅಲ್ಲಿಗೆ ಬರಬಾರದು ಅಂತ ನಮ್ಮ ಗುರುಗಳ ಕಟ್ಟಪ್ಪಣೆ. ಕ್ಯಾಮೆರಾದ ಬಗ್ಗೆ ಅವರು ಏನೂ ಹೇಳಿಲ್ಲ."

ತಿಪ್ಪೇಶ ಮರುದಿನವೇ ಹೊರಟ. ಒಂದು ವಾರ ಬಿಟ್ಟು ಬಂದ. ಎರಡು ದಿನ ಲ್ಯಾಪ್‌ಟಾಪಿನ ಮುಂದೆ ಕೂತು, ಕತ್ತರಿಸಿ, ಜೋಡಿಸಿ, ಕೊಳಲು ಸೇರಿಸಿ ಒಂದು ವಿಡಿಯೋ ಮಾಡಿದ.

ನಾವೆಲ್ಲ ಗುರುಗಳ ಕೋಣೆಯಲ್ಲಿ ಕೂತು ನೋಡಿದೆವು. ಎಂಥ ಚಂದ! ಮೋಡದ ಮೇಲೆ ಬೆಳಕು. ಹುಲ್ಲುಗಾವಲಿನಲ್ಲಿ ಇರುವೆಯಷ್ಟು ಚಿಕ್ಕದಾಗಿ ನಡೆದುಹೋಗುವ ತಿಪ್ಪೇಶ. ಕೊನೆಗೆ ಕಲ್ಲಿನ ಗದ್ದುಗೆ, ಅದರ ಮೇಲೆ ಹಾರುವ ಬಟ್ಟೆ. ನಮ್ಮ ಯಜಮಾನರು ಕಣ್ಣೊರೆಸಿಕೊಂಡರು.

"ಹೇಗಿದೆ ಬುದ್ಧಿ?"

"ಚೆನ್ನಾಗಿದೆ. ಗದ್ದುಗೆ ಮುಟ್ಟಿದೆಯಾ?"

"ಮುಟ್ಟಿದೆ."

"ಒಳ್ಳೆಯದಾಯಿತು. ನಾನಿನ್ನೂ ಮೊದಲ ತಿರುವಿನ ಕಲ್ಲಿನ ಮೇಲೇ ಕೂತಿದ್ದೇನೆ."

ವಿಡಿಯೋದ ಓಟ ಹೆಚ್ಚಾಯಿತು ಅಂತ ತಿಪ್ಪೇಶ ತಿಳಿದ. ಇಡೀ ರಾತ್ರಿ ಕೂತು ಕೊಳಲು ತೆಗೆದ, ಹೊಳೆಯ ಸದ್ದು ಹಾಕಿದ, ಪ್ರತಿ ದೃಶ್ಯವನ್ನೂ ಉದ್ದ ಮಾಡಿದ. ಮರುದಿನ ಮತ್ತೆ ತೋರಿಸಿದ.

"ಈಗ ಬುದ್ಧಿ?"

"ಈಗ ಕಲ್ಲಿನ ಮೇಲೆ ಇನ್ನೂ ಜಾಸ್ತಿ ಹೊತ್ತು ಕೂತೆ."

ತಿಪ್ಪೇಶನ ಮುಖ ಸಣ್ಣದಾಯಿತು. ಅಡುಗೆಮನೆಗೆ ಬಂದು ನನ್ನ ಹತ್ತಿರ ಗೊಣಗಿದ. "ಅಮ್ಮಾ, ಇಷ್ಟು ಕಷ್ಟಪಟ್ಟಿದ್ದೇನೆ. ಬುದ್ಧಿಯವರಿಗೆ ಬೇಕಾದ್ದೇನು ಅಂತ ನೀವಾದರೂ ಕೇಳಿ."

"ನಿನ್ನ ಗುರು, ನೀನೇ ಕೇಳಪ್ಪ," ಅಂದೆ. ನನಗೂ ಗೊತ್ತಿರಲಿಲ್ಲ.

ಮರುದಿನ ಬೆಳಿಗ್ಗೆ ಗುರುಗಳು ಅವನನ್ನು ಕರೆದರು. ಅದೇ ಆ ಶನಿವಾರ.

"ಸ್ನಾನಕ್ಕೆ ನದಿಗೆ ಕರೆದುಕೊಂಡು ಹೋಗು. ಮೆಟ್ಟಿಲಲ್ಲಿ ನನಗಾಗುವುದಿಲ್ಲ."

ಅವರು ಅವನ ಭುಜ ಹಿಡಿದು ನಡೆದರು. ನಾನು ಬಟ್ಟೆ ಒಗೆಯಲು ಹಿಂದೆಯೇ ಹೋಗುತ್ತಿದ್ದೆ. ಅರ್ಧ ದಾರಿಯಲ್ಲಿ, ತಿರುವಿನ ಹತ್ತಿರ, ಗುರುಗಳು ಒಂದು ಕಲ್ಲಿನ ಮೇಲೆ ಕೂತರು.

"ಇನ್ನು ನೀನು ಹೋಗು. ವಿಡಿಯೋದಲ್ಲಿ ಹೋಗುತ್ತೀಯಲ್ಲ, ಹಾಗೇ ಚೆನ್ನಾಗಿ ಹೋಗು."

ತಿಪ್ಪೇಶ ನನ್ನ ಮುಖ ನೋಡಿದ. ಆಮೇಲೆ ಹೋದ. ತಿರುವಿನಲ್ಲಿ ಮರೆಯಾದ.

ಗುರುಗಳು ಕೂತೇ ಇದ್ದರು. ನಾನೂ ಬಕೆಟ್ ಇಟ್ಟು ನಿಂತೆ. ಬಿಸಿಲು ಅವರ ಕಾಲಿನಿಂದ ಮಡಿಲಿಗೆ ಬಂತು. ಮಡಿಲಿನಿಂದ ಎದೆಗೆ ಬಂತು. ಒಂದು ಹಲ್ಲಿ ಬಂದು ಅವರ ಕೋಲಿನ ಪಕ್ಕ ಕೂತಿತು.

ಕೊನೆಗೆ ತಿರುವಿನಲ್ಲಿ ಓಡುವ ಹೆಜ್ಜೆ ಕೇಳಿಸಿತು. ತಿಪ್ಪೇಶ ಏದುಸಿರು ಬಿಡುತ್ತಾ ಬಂದ.

"ಬುದ್ಧಿ, ಅಲ್ಲಿ ಕಾಯುತ್ತಾ ಇದ್ದೆ. ನೀವು ಬರಲೇ ಇಲ್ಲ!"

"ಹೇಗೆ ಬರಲಿ?"

"ಅದಕ್ಕೇ ಬಂದೆ. ಏಳಿ, ಕೈ ಕೊಡಿ."

ಗುರುಗಳು ಕೈ ಕೊಡಲಿಲ್ಲ. ಅವನ ಬೆವರಿದ ಮುಖವನ್ನೇ ನೋಡುತ್ತಾ ಕೇಳಿದರು.

"ಈಗ ಓಡಿ ಬಂದೆಯಲ್ಲ, ಇದನ್ನು ಕತ್ತರಿಸುತ್ತೀಯಾ?"

ತಿಪ್ಪೇಶನ ಚಾಚಿದ ಕೈ ಹಾಗೇ ನಿಂತಿತು.

ಅವನು ಅವರ ಕಾಲ ಬಳಿ ಕೂತ.

"ಕ್ಯಾಮೆರಾ ಎತ್ತಿಕೊಳ್ಳಲು ನೂರು ಸಲ ವಾಪಸ್ ಬಂದಿದ್ದೇನೆ ಬುದ್ಧಿ. ಒಂದೂ ಉಳಿದಿಲ್ಲ. ಅವತ್ತವತ್ತಿನದು ಅವತ್ತೇ ಅಳಿಸಿದೆ."

"ಯಾಕೆ?"

"ಕ್ಯಾಮೆರಾದ ಕಾರ್ಡಿನಲ್ಲಿ ಜಾಗ ಬೇಕಿತ್ತು."

"ಯಾವುದಕ್ಕೆ?"

"ಹೋಗುವುದಕ್ಕೆ," ಅಂದ. ಅಂದು ತಲೆ ತಗ್ಗಿಸಿದ.

ಆ ದಿನ ಮಧ್ಯಾಹ್ನವೇ ಅವನು ಮತ್ತೆ ಬೆಟ್ಟಕ್ಕೆ ಹೊರಡಲು ಚೀಲ ಕಟ್ಟತೊಡಗಿದ. ಗುರುಗಳು ಬಾಗಿಲಲ್ಲಿ ಬಂದು ನಿಂತರು.

"ಹಿಮ ಬೀಳುವ ಹೊತ್ತಾಯಿತು. ನಾನು ಹೋಗು ಅನ್ನಲಿಲ್ಲ."

"ದಾರಿ ಇನ್ನೂ ತೆರೆದಿದೆ ಬುದ್ಧಿ. ಇನ್ನೊಂದು ವಾರ ಕಳೆದರೆ ಬರುವ ವರ್ಷದವರೆಗೆ ಇಲ್ಲ."

"ಬರುವ ವರ್ಷ ಹೋದರಾಯಿತು."

"ಬರುವ ವರ್ಷದವರೆಗೆ ನಿಮ್ಮನ್ನು ಆ ಕಲ್ಲಿನ ಮೇಲೆ ಕೂರಿಸಲಾ?"

ಗುರುಗಳು ಒಳಗೆ ಹೋದರು. ಬರುವಾಗ ತಮ್ಮ ಉಣ್ಣೆಯ ಶಾಲು ತಂದು ಅವನ ಚೀಲದ ಮೇಲೆ ಹಾಕಿದರು.

ಆಮೇಲಿನ ದಿನಗಳಲ್ಲಿ ಅವರು ಬೆಳಿಗ್ಗೆಯಷ್ಟೇ ಅಲ್ಲ, ಸಂಜೆಯೂ ಅಂಗಳದಲ್ಲಿ ನಿಂತರು. ಮೇಲೆ ಬೆಟ್ಟ ಒಂದು ದಿನ ಬೆಳ್ಳಗಾಯಿತು. ಆ ದಿನ ಗುರುಗಳು ಊಟ ಮಾಡಲಿಲ್ಲ. ನಾನು ಕರೆಯಲು ಹೋದೆ.

"ಅವನು ಬರಲಿ ತಾಯಿ," ಅಂದರು.

ಹೇಳಿದ್ದಕ್ಕಿಂತ ಒಂದು ದಿನ ತಡವಾಗಿ ತಿಪ್ಪೇಶ ಬಂದ. ಕುಂಟುತ್ತಾ ಬಂದ. ಬೂಟಿನ ಅಡಿ ಬಾಯಿಬಿಟ್ಟಿತ್ತು, ಹಗ್ಗದಿಂದ ಬಿಗಿದಿದ್ದ. ನಾನು ಬಿಸಿನೀರಿನಲ್ಲಿ ಅವನ ಕಾಲು ತೊಳೆದೆ. ಎಡಗಾಲಿನ ಎರಡು ಬೆರಳಿನ ಉಗುರು ಕಿತ್ತುಹೋಗಿತ್ತು.

"ಏನೂ ಕತ್ತರಿಸಿಲ್ಲ ಬುದ್ಧಿ. ಕೊಳಲೂ ಇಲ್ಲ. ನಿಮಗೆ ಬೇಜಾರಾದೀತು."

"ನಡೆಯುವಾಗ ಬೇಜಾರಾಗುವುದು ಇದ್ದದ್ದೇ. ಹಚ್ಚು."

ಗುರುಗಳು ಅದನ್ನು ಒಂದೇ ಸಲಕ್ಕೆ ನೋಡಲಿಲ್ಲ. ದಿನಕ್ಕೆ ಒಂದು ದಿನದ ದಾರಿ. ಅವನು ಅಲ್ಲಿ ಊಟಕ್ಕೆ ಕೂತರೆ ಇವರು ಇಲ್ಲಿ ಊಟಕ್ಕೆ ಕೂತರು. ಅವನು ಗುಡಾರದ ಬಾಗಿಲು ಎಳೆದರೆ, "ಸಾಕು, ಇವತ್ತು ಇಲ್ಲೇ ಬಿಡಾರ," ಅಂದು ಎದ್ದರು.

ತಿಪ್ಪೇಶ ನಮಗೆ ಬೆನ್ನು ಹಾಕಿ ನಡೆದುಹೋಗುತ್ತಿದ್ದ. ಚಿಕ್ಕವನಾಗುತ್ತಾ ತಿರುವಿನಲ್ಲಿ ಮರೆಯಾಗುತ್ತಿದ್ದ. ಬರೀ ದಾರಿ ಉಳಿಯುತ್ತಿತ್ತು. ಗಾಳಿ ಬೀಸುತ್ತಿತ್ತು. ಆಮೇಲೆ ತಿರುವಿನಲ್ಲಿ ಅವನ ತಲೆ ಕಾಣುತ್ತಿತ್ತು. ಹತ್ತಿರ ಹತ್ತಿರ ಬಂದು, ಕೈ ಚಾಚಿ, "ಬಂದೆ ಬುದ್ಧಿ. ಏಳಿ," ಅನ್ನುತ್ತಿದ್ದ.

ಪ್ರತಿ ಸಲವೂ ಗುರುಗಳು ಚಾಪೆಯ ಮೇಲೆ ಒಂದಿಷ್ಟು ಮುಂದಕ್ಕೆ ಬಾಗುತ್ತಿದ್ದರು.

ಮೂರನೆಯ ದಿನದ ದಾರಿಯಲ್ಲಿ ಒಂದು ಕಡೆ ಅವನು ಹೋದವನು ಬರಲೇ ಇಲ್ಲ. ಮಂಜು ಕವಿಯಿತು. ಕಲ್ಲು ಕಾಣದಾಯಿತು. ಗಾಳಿಯ ಸದ್ದಷ್ಟೇ. ತಿಪ್ಪೇಶ ನನ್ನ ಪಕ್ಕದಲ್ಲೇ ಕೂತು ಕಾಲಿಗೆ ಎಣ್ಣೆ ಹಚ್ಚಿಕೊಳ್ಳುತ್ತಿದ್ದ. ಆದರೂ ನಾನು ಕೂಗಿಬಿಟ್ಟೆ. "ಎಲ್ಲಿ ಹೋದನೋ ಈ ಹುಡುಗ!"

"ಜಾರಿಬಿದ್ದೆ ಅಮ್ಮಾ," ಅಂದ ಪಕ್ಕದಲ್ಲಿದ್ದವನು. "ಸ್ವಲ್ಪ ಹೊತ್ತು ಏಳಲಿಕ್ಕಾಗಲಿಲ್ಲ. ಅಲ್ಲಿಂದ ಗದ್ದುಗೆ ಹತ್ತಿರ. ಹಾಗೇ ಮುಂದೆ ಹೋಗಿಬಿಡೋಣ ಅನ್ನಿಸಿತು. ಕ್ಯಾಮೆರಾ ಹೋದರೆ ಹೋಗಲಿ ಅಂತ."

"ಮತ್ತೆ?"

"ಬುದ್ಧಿಯವರು ಅಲ್ಲಿ ಒಬ್ಬರೇ ಇದ್ದರಲ್ಲ."

ಮಂಜಿನೊಳಗಿಂದ ಒಂದು ಕುಂಟುವ ಆಕಾರ ಬಂತು. ತುಟಿ ನೀಲಿಗಟ್ಟಿತ್ತು. ಮಾತು ಹೊರಡಲಿಲ್ಲ. ಕೈ ಮಾತ್ರ ಚಾಚಿತು.

ಗುರುಗಳು ತಮ್ಮ ಕೈಯನ್ನೂ ಚಾಚಿದರು.

ಗದ್ದುಗೆ ಬಂದದ್ದು ಮರುದಿನ. ತಿಪ್ಪೇಶ ಕ್ಯಾಮೆರಾವನ್ನು ದೂರದಲ್ಲಿ ಇಡಲಿಲ್ಲ. ಎದೆಗೊತ್ತಿಕೊಂಡು ಗದ್ದುಗೆಯ ಸುತ್ತ ನಡೆದ. ಆಮೇಲೆ ಅದನ್ನು ಕಲ್ಲಿಗೆ ಮುಟ್ಟಿಸಿದ. ತೆರೆಯೆಲ್ಲ ಕಪ್ಪಾಯಿತು.

ಕತ್ತಲಾದ ಆ ತೆರೆಯ ಮುಂದೆ ಗುರುಗಳು ಬಹಳ ಹೊತ್ತು ತಲೆಬಾಗಿದ್ದರು.

"ಇದನ್ನು ಜನರಿಗೆ ತೋರಿಸಲಾ ಬುದ್ಧಿ?" ಅಂತ ಅವನು ಸಂಜೆ ಕೇಳಿದ. "ನಿದ್ದೆ ಮಾಡಿಬಿಡುತ್ತಾರೆ."

"ನಿದ್ದೆ ಬಂದವರು ಪುಣ್ಯವಂತರು. ತೋರಿಸು."

ಅವನು ಕೆಳಗಿನ ಪೇಟೆಗೆ ಹೋಗಿ, ನೆಟ್‌ವರ್ಕ್ ಹುಡುಕಿ, ಇಡೀ ವಿಡಿಯೋವನ್ನು ಚಾನೆಲ್ಲಿಗೆ ಹಾಕಿ ಬಂದ. ಎರಡು ದಿನ ಬಿಟ್ಟು ಮತ್ತೆ ಹೋಗಿ ನೋಡಿಕೊಂಡು ಬಂದ.

"ಅರ್ಧಕ್ಕರ್ಧ ಜನ ಮೊದಲ ತಿರುವಿನಲ್ಲೇ ಎದ್ದುಹೋಗಿದ್ದಾರೆ ಬುದ್ಧಿ. ಬೈದಿದ್ದಾರೆ ಬೇರೆ. ಚಾನೆಲ್ಲನ್ನೇ ಬಿಟ್ಟುಹೋದವರೂ ಇದ್ದಾರೆ."

"ಕಾಲಿದ್ದವರು ಎದ್ದುಹೋಗುತ್ತಾರೆ. ಆ ತಾಯಿ ಏನು ಬರೆದರು?"

ಆ ಮಾತನ್ನು ತಿಪ್ಪೇಶ ಪೇಟೆಯಲ್ಲೇ ಫೋನಿನಲ್ಲಿ ಉಳಿಸಿಕೊಂಡು ಬಂದಿದ್ದ. ಅದನ್ನು ತೆಗೆದು ನನ್ನ ಕೈಗೆ ಕೊಟ್ಟ. ನಾನು ಓದಿದೆ.

"ಬಂದೆ ತಮ್ಮಾ. ನಿನ್ನ ಕಾಲಿಗೆ ಏನಾಯಿತು?"

"ಉತ್ತರ ಬರೆ," ಅಂದರು ಗುರುಗಳು. "ಕೈಮುಗಿಯುವ ಗೊಂಬೆ ಬೇಡ. ಬಾಯಿ ಇದೆಯಲ್ಲ ನಿನಗೆ?"

ಪೇಟೆಗೆ ಹೋದಾಗ ಕಳಿಸಲು ಅವನು ಬರೆಯುತ್ತಾ ಕೂತ. ಬರೆದು ಮುಗಿಸಿ ಕೇಳಿದ, "ನನ್ನ ದೀಕ್ಷೆ ಬುದ್ಧಿ?"

"ಕೊಡುವುದೇನು ಉಳಿದಿದೆ? ದಂಡ ಆಗಲೇ ನಿನ್ನ ಕೈಯಲ್ಲಿದೆ. ನಮಗೆಲ್ಲ ಒಂದು ಕಾಲಿನದು, ನಿನ್ನದಕ್ಕೆ ಮೂರು ಕಾಲು. ಎತ್ತಿಕೊಂಡು ನಡಿ."

ಗಾಯ ಮಾಯುತ್ತಲೇ ತಿಪ್ಪೇಶ ಹೊರಟುಹೋದ. ಕ್ಯಾಮೆರಾ ಚೀಲದಲ್ಲೇ ಇತ್ತು.

ಮರುದಿನ ನಾವೂ ಹೊರಡುವವರು. ಬೆಳಿಗ್ಗೆ ಎದ್ದು ನೋಡಿದರೆ ಗುರುಗಳು ಅಂಗಳದಲ್ಲಿ ನಿಂತಿರಲಿಲ್ಲ. ಅಡುಗೆಮನೆಯ ಬಾಗಿಲಲ್ಲಿ ಬೆಟ್ಟಕ್ಕೆ ಬೆನ್ನು ಹಾಕಿ ಕೂತು ಸೊಪ್ಪು ಬಿಡಿಸುತ್ತಿದ್ದರು. ಪಕ್ಕದಲ್ಲಿ ಚಹಾದ ಲೋಟ ಬರಿದಾಗಿತ್ತು.

ನಾನು ನಮಸ್ಕರಿಸಿ, ಚೀಲದಿಂದ ಡೈರಿ ತೆಗೆದೆ. ಅವರು ನಕ್ಕರು.

"ಇನ್ನೂ ಏನಾದರೂ ಬರೆಯುವುದು ಬಾಕಿ ಇದೆಯಾ ತಾಯಿ?"

"ಒಂದಿದೆ ಗುರುಗಳೇ. ಆ ನಾಲ್ಕು ದಿನದ ದಾರಿಗೆ ಕಡೆಗೆ ಎಷ್ಟು ಖರ್ಚಾಯಿತು?"

ಅವರು ಕೈಯಲ್ಲಿದ್ದ ಸೊಪ್ಪಿನ ಕಡ್ಡಿಯನ್ನು ಮುರಿದು ಪಕ್ಕಕ್ಕಿಟ್ಟರು.

"ಬರೆದುಕೊಳ್ಳಿ. ಅವನಿಗೆ ಒಂದು ಜೊತೆ ಬೂಟು, ಎರಡು ಉಗುರು, ಅರ್ಧದಷ್ಟು ಜನ. ನನಗೆ, ಆ ಬೆಟ್ಟಕ್ಕೆ ಇನ್ನೊಂದು ಸಲ ಹೋಗಬೇಕೆಂಬ ಆಸೆ."