ಏರ್‌ಬ್ರಷ್ಷಿನ ಮೂತಿಗೆ ಕುಂಕುಮ

“ಮೇಷ್ಟ್ರೇ, ನನ್ನ ಹತ್ತಿರ ದುಡ್ಡು ಹೆಚ್ಚಿಲ್ಲ. ಯಾವ ಏರ್‌ಬ್ರಷ್ ಕೊಂಡರೆ ಕೆಡುವುದಿಲ್ಲ, ಹೇಳಿ” ಎಂದು ಚಂಪಕಾ ಕೇಳಿದಳು.

ವರದಯ್ಯನವರು ಕೇಕ್ ಅಲಂಕಾರ ಕಲಿಸುವವರು. ಚಂಪಕಾ ಎರಡು ವರ್ಷದಿಂದ ಅವರ ಶಿಷ್ಯೆ. ಕೇಕಿನ ಮೇಲೆ ಬಣ್ಣವನ್ನು ತೆಳ್ಳಗೆ ಊದುವ ಆ ಪುಟ್ಟ ಉಪಕರಣದ ಚಿತ್ರಗಳನ್ನು ಮೊಬೈಲಿನಲ್ಲಿ ನೋಡಿ ನೋಡಿ ಅವಳಿಗೆ ತಲೆ ಕೆಟ್ಟುಹೋಗಿತ್ತು. ಮೇಷ್ಟ್ರು ಕ್ರೀಮ್ ಕಲಸುವುದನ್ನು ನಿಲ್ಲಿಸದೆ ಒಂದು ಕತೆ ಹೇಳಿದರು.

ಒಂದೂರಿನಲ್ಲಿ ಒಬ್ಬ ಹೆಂಗಸು ಗಾರ್ಮೆಂಟ್ಸ್ ಕೆಲಸ ಬಿಟ್ಟು ಮನೆಯಲ್ಲೇ ಕೇಕ್ ಮಾಡಿ ಮಾರುತ್ತಿದ್ದಳು. ಅವಳ ಕೈರುಚಿಗೆ ಹೆಸರು ಬಂದಿತ್ತು. ಆದರೆ ಜನರಿಗೆ ಈಗ ರುಚಿ ಸಾಲದು, ಕೇಕಿನ ಮೇಲೆ ಸಂಜೆಯ ಆಕಾಶವೂ ಬೇಕು. ಹಾಗಾಗಿ ಅವಳು ಏರ್‌ಬ್ರಷ್ ಕೊಳ್ಳಲು ಅಂಗಡಿಗೆ ಹೋದಳು. ಅದೇ ಹೊತ್ತಿಗೆ ಆ ಊರಿನ ದೊಡ್ಡ ಬೇಕರಿಯವನೂ ಅಲ್ಲಿಗೆ ಬಂದಿದ್ದ.

ಬೇಕರಿಯವನು ಎಲ್ಲಕ್ಕಿಂತ ದುಬಾರಿಯದನ್ನು ತೋರಿಸಿ “ಇದನ್ನೇ ಕಟ್ಟಿ” ಎಂದ. ಒಳಗೇನಿದೆ ಎಂದು ನೋಡುವ ಗೋಜಿಗೂ ಹೋಗಲಿಲ್ಲ. ಹೆಂಗಸು ಅಗ್ಗದ್ದೊಂದನ್ನು ಕೈಗೆತ್ತಿಕೊಂಡು “ಅಣ್ಣಾ, ಇದನ್ನು ಬಿಚ್ಚಿ ತೋರಿಸಿ” ಎಂದಳು.

ಅಂಗಡಿಯವನಿಗೆ ನಗು ಬಂತು. “ಎಲ್ಲರೂ ಇದು ಓಡುತ್ತಾ ಅಂತ ಕೇಳ್ತಾರೆ. ನೀವೊಬ್ಬರೇ ನೋಡಮ್ಮ, ಕೊಳ್ಳೋಕೆ ಮುಂಚೆ ಬಿಚ್ಚಿ ಅಂತಿರೋದು!”

ಅವಳು ಕದಲಲಿಲ್ಲ. ಅವನು ಬಿಚ್ಚಿ ತೋರಿಸಿದ. ಅವಳೂ ಬಿಚ್ಚಿದಳು. ಮೂತಿ ಬೇರೆಯಾಯಿತು, ಒಳಗಿನ ಸೂಜಿ ಈಚೆ ಬಂತು, ಬಣ್ಣದ ಬಟ್ಟಲು ತೊಳೆಯಲು ಸಿಕ್ಕಿತು. ಮೂರು ಸಲ ಬಿಚ್ಚಿ, ಮೂರು ಸಲ ಜೋಡಿಸಿ, ಅದನ್ನೇ ಕೊಂಡಳು. ಬೇಕರಿಯವನು “ಮಕ್ಕಳ ಆಟದ ಸಾಮಾನು” ಎಂದು ಮೂಗು ಮುರಿದ.

ಆ ವರ್ಷ ಊರಿನ ಛತ್ರದ ಯಜಮಾನ ಇಬ್ಬರಿಗೂ ಹೇಳಿಕಳಿಸಿದ. ವಿಜಯದಶಮಿಯ ಬೆಳಿಗ್ಗೆ ತನ್ನೆದುರಿಗೇ ಇಬ್ಬರೂ ಒಂದೊಂದು ಕೇಕಿಗೆ ಬಣ್ಣ ಹಾಕಬೇಕು, ಗೆದ್ದವರಿಗೆ ಛತ್ರದ ಎಲ್ಲ ಮದುವೆಗಳ ಕೇಕು. ಬೇಕರಿಯವನಿಗೆ ಅದು ಇನ್ನೊಂದು ವ್ಯಾಪಾರ, ಅಷ್ಟೇ. ಆ ಹೆಂಗಸಿಗೆ ಹಾಗಲ್ಲ. ಈ ಕೆಲಸ ಕೈತಪ್ಪಿದರೆ ಓವನ್ ಮಾರಿ ಮತ್ತೆ ಗಾರ್ಮೆಂಟ್ಸಿನ ಬಸ್ಸು ಹತ್ತಬೇಕಿತ್ತು.

ಹಿಂದಿನ ದಿನ ಆಯುಧಪೂಜೆ. ಕತ್ತರಿಯಿಂದ ಕಾರಿನವರೆಗೆ ಎಲ್ಲಕ್ಕೂ ಬೊಟ್ಟಿಡುವ ಜನ ನಾವು. ಏರ್‌ಬ್ರಷ್ಷನ್ನು ಬಿಡುತ್ತೇವೆಯೇ? ಆದರೆ ಅದಕ್ಕೆ ಹಣೆ ಯಾವುದು? ಅವರವರ ಮನೆಯಲ್ಲಿ ಇಬ್ಬರೂ ಭಕ್ತಿಯಿಂದ ಕುಂಕುಮವನ್ನು ನೀರಲ್ಲಿ ಕಲಸಿ ಅದರ ಮೂತಿಗೇ ಇಟ್ಟರು. ಪೂಜೆಗಿಟ್ಟ ಆಯುಧವನ್ನು ಆ ದಿನ ಮುಟ್ಟುವಂತಿಲ್ಲ. ಕುಂಕುಮ ಕೂದಲೆಳೆಯಷ್ಟು ಸಣ್ಣ ತೂತಿನೊಳಗೆ ಇಳಿದು ನೆಮ್ಮದಿಯಾಗಿ ಒಣಗಿತು.

ಮರುದಿನ ಛತ್ರದಲ್ಲಿ ಇಬ್ಬರೂ ಬಣ್ಣ ತುಂಬಿ ಗುಂಡಿ ಒತ್ತಿದರು. ಎರಡರಿಂದಲೂ ಬುಸ್ಸೆಂದು ಗಾಳಿ ಬಂತು, ಬಣ್ಣ ಬರಲಿಲ್ಲ. ಬೇಕರಿಯವನು ಅಂಗಡಿಗೆ ಫೋನ್ ಮಾಡಿದ. ಹಬ್ಬದ ದಿನ ಯಾರು ಎತ್ತುತ್ತಾರೆ? “ಬಿಚ್ಚಿ ನೋಡಪ್ಪ” ಎಂದ ಯಜಮಾನ. “ಅಯ್ಯೋ, ಇದನ್ನು ನಾವು ಬಿಚ್ಚೋ ಹಾಗಿಲ್ಲ ಸ್ವಾಮಿ, ಕಂಪನಿಯವರೇ ಬರಬೇಕು” ಎಂದು ಅವನು ಅದನ್ನು ಎದೆಗವಚಿಕೊಂಡ.

ಹೆಂಗಸು ಬಿಸಿನೀರು ಕೇಳಿ ತರಿಸಿಕೊಂಡಳು. ಮೂತಿ ತಿರುಗಿಸಿದಳು, ಸೂಜಿ ಎಳೆದಳು, ಬಿಡಿಬಿಡಿಯಾಗಿ ತೊಳೆದಳು. ಮತ್ತೆ ಜೋಡಿಸಿ ಬಿಳಿ ಕಾಗದದ ಮೇಲೆ ನೀರು ಊದಿದಳು. ಮೊದಲು ಕೆಂಪು ಬಂತು. ಮತ್ತೆ ತೊಳೆದಳು. ಕಾಗದದ ಮೇಲೆ ಬರಿಯ ನೀರು ಬಿದ್ದ ಮೇಲೆಯೇ ಬಣ್ಣ ತುಂಬಿ ಕೇಕಿನ ಕಡೆ ತಿರುಗಿದಳು.

ಹಳದಿ ಹರಡಿತು, ಅದರ ಅಂಚಿಗೆ ಕೇಸರಿ, ಮೇಲೆ ತೆಳುವಾಗಿ ನೇರಳೆ. ಒಂದು ಹನಿ ಆಚೀಚೆ ಇಲ್ಲ. ನೋಡುತ್ತ ನಿಂತಿದ್ದ ಅಡುಗೆಯವರು ಸೌಟು ಕೆಳಗಿಟ್ಟು ಚಪ್ಪಾಳೆ ಹೊಡೆದರು. ಯಜಮಾನ ಅಲ್ಲೇ, ಎಲ್ಲರೆದುರು, “ಇನ್ನು ಈ ಛತ್ರದ ಕೇಕೆಲ್ಲ ನಿಮ್ಮದೇ ತಾಯಿ” ಎಂದ. ಅವಳು ಗೆದ್ದಳು. ಗೆದ್ದೆನೆಂದು ಬಾಯಿ ತುಂಬ ನಕ್ಕಳು, ಓವನ್ ಮಾರುವುದು ತಪ್ಪಿತಲ್ಲ.

ಮೇಷ್ಟ್ರು ಕತೆ ಮುಗಿಸಿದರು. ಚಂಪಕಾ ಸ್ವಲ್ಪ ಯೋಚಿಸಿ, “ಆದರೆ ಮೇಷ್ಟ್ರೇ, ನಾನು ಕೇಳಿದ್ದು ಕೆಡದೇ ಇರುವುದನ್ನು. ಅವಳದ್ದೂ ಕೆಟ್ಟಿತಲ್ಲ?” ಎಂದಳು.

“ಕೆಟ್ಟಿತು ತಾಯಿ, ಅವಳ ಕೈಯಲ್ಲೇ ಸರಿಯೂ ಆಯಿತು, ನಿನ್ನ ಕೈಯಲ್ಲಿ ಸರಿಹೋಗದ್ದನ್ನು ಎಷ್ಟು ದುಡ್ಡು ಕೊಟ್ಟು ತಂದರೂ ನಿನ್ನದು ಅಂತ ಹೇಗೆ ಹೇಳುತ್ತೀಯ?”