ಮಡಿ ಕಂಪ್ಯೂಟರ್

ಶಾಲೆಯೊಂದರ ಲ್ಯಾಬಿನಲ್ಲಿ ಐದು ಕಂಪ್ಯೂಟರುಗಳು ಒಂದೇ ನೆಟ್‌ವರ್ಕಿನಲ್ಲಿ ಸಂಸಾರ ಮಾಡಿಕೊಂಡಿದ್ದವು. ಒಂದು ಬೆಳಿಗ್ಗೆ ಕನ್ನಡ ಟೈಪಿಂಗ್ ತಂತ್ರಾಂಶದ ಹೊಸ ಕೋಡ್ ಬಂತು. ಅದು ದಿನಸಿ ಇದ್ದ ಹಾಗೆ, ಬೇಯಿಸದೆ, ಅಂದರೆ ಯಂತ್ರ ನಡೆಸಬಲ್ಲ ರೂಪಕ್ಕೆ ತಿರುಗಿಸದೆ, ಬಳಸುವಂತಿಲ್ಲ. ಎಲ್ಲಕ್ಕಿಂತ ಹಳೆಯದಾದ, ಉಳಿದವು ದೊಡ್ಡಮ್ಮ ಎಂದು ಕರೆಯುತ್ತಿದ್ದ ಕಂಪ್ಯೂಟರ್ ಬೇಗನೆ ಎದ್ದು ಬೇಯಿಸಿಟ್ಟಿತು. "ಪ್ಯಾಕೇಜ್ ತಯಾರಿದೆ, ಎಲ್ಲರೂ ಬನ್ನಿ" ಎಂದು ಕೂಗಿತು.

ಮೂರು ಕಂಪ್ಯೂಟರುಗಳು ಕೂಡಲೇ ಬಡಿಸಿಕೊಂಡವು. ಹೊಸದಾಗಿ ಬಂದದ್ದು ಮಾತ್ರ, "ತಪ್ಪು ತಿಳಿಯಬೇಡಿ ದೊಡ್ಡಮ್ಮ, ನಾನು ಮಡಿ. ನಾನೇ ಬೇಯಿಸಿದ್ದಲ್ಲದೆ ಬೇರೇನನ್ನೂ ಒಳಗೆ ಸೇರಿಸುವುದಿಲ್ಲ" ಎಂದಿತು.

"ನಿನ್ನಿಷ್ಟ ಮಗಾ. ಮಕ್ಕಳು ಬರುವ ಹೊತ್ತಾಯಿತು, ನೋಡಿಕೋ."

ಹೊಸದು ಫ್ಯಾನು ಗಿರ್ರೆನ್ನುವಂತೆ ದುಡಿಯಿತು. ಮುಕ್ಕಾಲು ಬೆಂದಿತ್ತು, ಕರೆಂಟು ಹೋಯಿತು. ಬಂದ ಮೇಲೆ ಮತ್ತೆ ಮೊದಲಿನಿಂದ ಶುರು. ಅಷ್ಟರಲ್ಲಿ ಮಕ್ಕಳು ನುಗ್ಗಿ, ಗೋಡೆ ಪತ್ರಿಕೆಗೆ ಬರೆದದ್ದನ್ನೆಲ್ಲ ಟೈಪ್ ಮಾಡತೊಡಗಿದರು. ಹೊಸದರ ಮುಂದೆ ಕೂತ ರೇಷ್ಮಾ ತನ್ನ ಪದ್ಯ ಹಿಡಿದುಕೊಂಡು ಕಾದಳು, ಕಾದಳು, ಕೊನೆಗೆ ಪೆಚ್ಚಾಗಿ ಎದ್ದು ನಿಂತಳು.

ಹೊಸದಕ್ಕೆ ಕಸಿವಿಸಿಯಾಯಿತು. ತಗ್ಗಿದ ದನಿಯಲ್ಲಿ ಕೇಳಿತು: "ದೊಡ್ಡಮ್ಮ, ನನಗೇನಾದರೂ ಉಳಿದಿದೆಯೇ?"

"ಎಷ್ಟು ಜನಕ್ಕೆ ಬಡಿಸಿದರೂ ಇದರ ತಳ ಕಾಣುವುದಿಲ್ಲ. ತಗೋ."

ಕ್ಷಣದಲ್ಲಿ ಎಲ್ಲ ಸಿದ್ಧವಾಯಿತು; ರೇಷ್ಮಾ ಮತ್ತೆ ಕೂತಳು, ಅವಳ ಪದ್ಯದ ಮೊದಲ ಸಾಲು ಪರದೆಯ ಮೇಲೆ ಮೂಡಿತು. ಹೊಸದಕ್ಕೆ ಹೋದ ಜಂಬ ಮರಳಿತು. "ಚೆನ್ನಾಗಿದೆ ದೊಡ್ಡಮ್ಮ. ಉಪ್ಪು ಮಾತ್ರ ಒಂದು ಚೂರು ಕಡಿಮೆ."

"ಹೌದೇ? ಹಾಗಾದರೆ ನಾಳೆ ಅಡುಗೆ ನಿನ್ನದು" ಎಂದಿತು ದೊಡ್ಡಮ್ಮ. "ನಾವೆಲ್ಲ ಎಲೆ ಹಾಕಿಕೊಂಡು ಕೂತಿರುತ್ತೇವೆ."