ಜೋಳ ಮುರಿಯೋಕೆ ಹೋದ ದಂಡು

ಕಾಲು ಒಳಗೆಳ್ಕೋ, ಸರಿಯಾಗಿ ಹೊದ್ಕೋ, ಹೇಳ್ತೀನಿ. ಒಂದಾನೊಂದು ಕಾಲದಲ್ಲಿ, ಸಮುದ್ರದ ಆಚೆ ಅಮೇರಿಕ ಅಂತಾರಲ್ಲ, ಅಲ್ಲಿ ಊರು ಮುಗಿದು ಕಾಡು ಶುರುವಾಗೋ ಗಡಿಯಲ್ಲಿ ಹೈರಮ್ ಅಂತ ಒಬ್ಬ ರೈತ ಇದ್ದನಂತೆ. ಹೊಳೆಯ ಈಚೆ ದಡದಲ್ಲಿ ಮರ ಕಡಿದು, ಬೇಲಿ ಹಾಕಿ, ಇದು ನಮ್ಮ ಜಾಗ ಅಂದ್ಬಿಟ್ಟನಂತೆ. ಅಲ್ಲ ಮಗಾ, ಅಲ್ಲಿ ತಲೆತಲಾಂತರದಿಂದ ಬೇರೆ ಜನ ಇದ್ರು, ಅವರನ್ನ ಹೊಳೆಯಾಚೆ ಅಟ್ಟಿ ಬೇಲಿ ಹಾಕಿದ್ರೆ ಆರತಿ ಎತ್ತಿ ಬರಮಾಡ್ಕೋತಾರಾ? ಹೊಡೆದಾಟ ಶುರುವಾಯ್ತು.

ಅಲ್ಲಿ ರಾಜನೂ ಇಲ್ಲ, ಸಂಬಳದ ಸಿಪಾಯಿಗಳೂ ಇಲ್ಲ. ಡೋಲು ಬಾರಿಸಿದ್ರೆ ರೈತರೇ ನೇಗಿಲು ಬಿಟ್ಟು, ಕೋವಿ ಹಿಡ್ಕೊಂಡು ಓಡಿಬರೋದು, ಅದೇ ದಂಡು. ಅವರೆಲ್ಲ ಕೈ ಎತ್ತಿ ಹೈರಮ್‌ಗೆ, ನೀನೇ ನಮ್ಮ ದಂಡಿನ ಮುಖಂಡ, ನಮ್ಮ ಜನರಲ್ಲು ಕಣಯ್ಯಾ ಅಂದ್ರಂತೆ. ಅವನೋ, ಗರಿ ಸಿಕ್ಕಿಸಿದ ಟೋಪಿ ಹಾಕ್ಕೊಂಡ ಮೇಲೆ ಕಾಲು ನೆಲದ ಮೇಲೆ ನಿಲ್ತಿರಲಿಲ್ಲವಂತೆ.

ಅವನಿಗೆ ಮೂವರು ಗಂಡುಮಕ್ಕಳು. ಮೊದಲನೇ ಕಾಳಗಕ್ಕೆ ದೊಡ್ಡವನನ್ನ ಕರ್ಕೊಂಡು ಹೋದ, ಒಬ್ಬನೇ ವಾಪಸ್ ಬಂದ. ಆಮೇಲೆ ಎರಡನೇ ಕಾಳಗಕ್ಕೆ ನಡುವಿನವನನ್ನ ಕರ್ಕೊಂಡು ಹೋದ, ಆಗಲೂ ಒಬ್ಬನೇ ಬಂದ. ಅಯ್ಯೋ ದೇವರೇ, ಅಷ್ಟಾದರೂ ಬುದ್ಧಿ ಬಂತಾ? ಹೊಳೆಯಾಚೆ ಊರನ್ನ ಸುಟ್ಟು ಬೂದಿ ಮಾಡ್ತೀನಿ ಅಂತ ಮೂರನೇ ಸಲ ಹೊರಟನಂತೆ, ಕೊನೇ ಮಗ ಸೈಲಾಸ್‌ನನ್ನೂ ಕಟ್ಕೊಂಡು. ಹೆಂಡ್ತಿ ಮಾರ್ತಾ ಬಾಗಿಲಿಗೆ ಅಡ್ಡ ನಿಂತು, ಇರೋ ಒಂದು ಕುಡೀನೂ ಕಿತ್ಕೊಂಡು ಹೋಗ್ತೀಯಲ್ಲಾ, ನಿನ್ನ ಎದೆ ಏನು ಕಲ್ಲಾ ಅಂತ ಅತ್ತಳಂತೆ. ಅವಳನ್ನ ಪಕ್ಕಕ್ಕೆ ಸರಿಸಿ ನಡೆದೇಬಿಟ್ಟ.

ಹೊಳೆ ದಡದಲ್ಲಿ ಬಿಡಾರ ಬಿಟ್ಟರು. ಆಮೇಲೆ ಬೆಳಗಾಗೆದ್ದು ನೋಡ್ತಾನೆ, ಒಂದು ನರಪಿಳ್ಳೆ ಇಲ್ಲ! ಸೈಲಾಸ್ ಒಬ್ಬ ಬೂಟು ಕಟ್ಕೊಳ್ತಾ ಕೂತಿದ್ದಾನೆ. ಎಲ್ಲೋ ದಂಡು ಅಂದ್ರೆ, ಮುಸುಕಿನ ಜೋಳ ಬಲಿತಿದೆ ಅಪ್ಪಾ, ಮೋಡ ಬೇರೆ ಕಟ್ಟಿದೆ, ಎಲ್ಲರೂ ಮುರಿಯೋಕೆ ಹೋದ್ರು, ನಾನೂ ಹೊರಟೆ, ಅಮ್ಮ ಒಬ್ಬಳ ಕೈಲಿ ಆಗಲ್ಲ ಅಂದನಂತೆ. ಹೈರಮ್ ಕೋವಿ ಎತ್ತಿ, ಹೆಜ್ಜೆ ಇಟ್ಟರೆ ಗುಂಡು ಹೊಡೀತೀನಿ ಅಂತ ಅಬ್ಬರಿಸಿದ. ನೋಡು ಮಗಾ, ಹೆತ್ತ ಅಪ್ಪ! ಸೈಲಾಸ್ ಕೋವಿ ಕಡೆ ಒಂದು ಸಲ ನೋಡಿ, ಹೊಡಿ ಅಪ್ಪಾ, ಆಮೇಲೆ ಜೋಳ ನೀನೇ ಮುರೀಬೇಕು ಅಷ್ಟೇ, ಅಂತ ಬೆನ್ನು ತಿರುಗಿಸಿ ನಡೆದನಂತೆ. ಜನರಲ್ಲು ಹೈರಮ್ ಕೋವಿ ಕೆಳಗಿಳಿಸಿದ.

ಅಷ್ಟರಲ್ಲಿ ಆಚೆ ದಡದಿಂದ ಡೋಲಿನ ಸದ್ದು! ಇಲ್ಲಿ ದಂಡಿಲ್ಲ ಅಂತ ಅವರಿಗೆ ಗೊತ್ತಾದ್ರೆ, ಹೊಲದಲ್ಲಿರೋ ಮಗನನ್ನ, ಮಾರ್ತಾನ ಬಿಡ್ತಾರಾ? ಅದಕ್ಕೇ ತಾನೂ ಡೋಲು ಎತ್ಕೊಂಡ, ಆ ಮರದ ಹತ್ತಿರ ಓಡಿ ಬಾರಿಸಿದ, ಈ ಬಂಡೆ ಹಿಂದೆ ಓಡಿ ಬಾರಿಸಿದ, ನೂರಾರು ಜನ ಇದ್ದಾರೆ ಅನ್ನೋ ಹಾಗೆ. ಆಚೆ ಸದ್ದೂ ಅಲ್ಲಿಂದಿಲ್ಲಿಗೆ ಓಡಾಡ್ತಿತ್ತಂತೆ. ಕೊನೆಗೆ ಸಾಕಾಗಿ, ಸತ್ತರೆ ನಾನೊಬ್ಬನೇ ಸಾಯ್ತೀನಿ ಅಂತ ಕೋವಿ ಹಿಡಿದು ಹೊಳೆ ದಾಟಿ, ಪೊದೆ ಸರಿಸಿ ನೋಡಿದ್ರೆ, ಅಯ್ಯಯ್ಯೋ! ಅಲ್ಲೂ ದಂಡಿಲ್ಲ! ಹೆಗಲಿಗೆ ಡೋಲು ನೇತುಹಾಕ್ಕೊಂಡು ಏದುಸಿರು ಬಿಡ್ತಾ ನಿಂತಿದ್ದ ಒಬ್ಬ ಮುದುಕ, ಅವರ ನಾಯಕ. ಅವರ ಜೋಳವೂ ಬಲಿತಿತ್ತಲ್ಲ!

ಇವನ ಮಾತು ಅವನಿಗೆ ಬರಲ್ಲ, ಅವನ ಮಾತು ಇವನಿಗೆ ಬರಲ್ಲ. ಆಮೇಲೆ ಆ ಮುದುಕ ಮೂರು ಬೆರಳು ಎತ್ತಿ, ಎರಡನ್ನ ಮಡಚಿ, ಉಳಿದ ಒಂದರಲ್ಲಿ ದೂರದ ಹೊಲ ತೋರಿಸಿದನಂತೆ. ಅಲ್ಲೊಬ್ಬಳು ಹುಡುಗಿ ತೆನೆ ಮುರೀತಿದ್ದಳು. ಹೈರಮ್ ಕೈಯಿಂದ ಕೋವಿ ಜಾರಿ ಬಿತ್ತು. ತಾನೂ ಮೂರು ಬೆರಳು ಎತ್ತಿದ, ಆದ್ರೆ ಎರಡನ್ನ ಮಡಚೋಕೆ ಹೋದ್ರೆ ಮಡಚೋಕೇ ಆಗಲಿಲ್ಲವಂತೆ. ಆಮೇಲೆ ಆ ಮುದುಕನೇ ಹತ್ತಿರ ಬಂದು, ಆ ಎರಡು ಬೆರಳನ್ನ ಮೆಲ್ಲಗೆ ಮಡಚಿದನಂತೆ.

ಮನೆಗೆ ಬಂದವನಿಗೆ ಮಾರ್ತಾ, ಕಾಳಗ ಏನಾಯ್ತು ಅಂದ್ರೆ, ಬುಟ್ಟಿ ಕೊಡೇ ಅಂದನಂತೆ ಅಷ್ಟೇ. ಸೈಲಾಸ್‌ನ ಪಕ್ಕದ ಸಾಲಿನಲ್ಲಿ ತಾನೂ ನಿಂತು ಕತ್ತಲಾಗೋವರೆಗೂ ಜೋಳ ಮುರಿದ. ಆಮೇಲೆ ಬೇಲೀನ ಹೊಳೆಯಿಂದ ದೂರ ಹಿಂದಕ್ಕೆ ಸರಿಸಿದ, ಆಚೆಯವರು ಮತ್ತೆ ಈಚೆ ಬಂದು ಬಿತ್ತನೆ ಮಾಡಿದ್ರು, ಅವನು ಬದುಕಿರೋವರೆಗೂ ಆ ಗಡಿಯಲ್ಲಿ ದಂಡು ಕಟ್ಟಲಿಲ್ಲವಂತೆ. ಅವರೆಲ್ಲ ಅಲ್ಲಿ ಚೆನ್ನಾಗಿದ್ರು, ಇಲ್ಲಿಗೆ ನನ್ನ ಕತೆ ಮುಗೀತು. ಏನು, ಬೆರಳು ಮಡಚಿ ಮಡಚಿ ನೋಡ್ತಿದ್ದೀಯಾ? ಕೈ ಒಳಗಿಟ್ಕೊಂಡು ಮಲಗು ಕಂದಾ.